ಮಗುವಿಗೆ ಜೋಕರ್ ಬಣ್ಣ: ಯಾವುದನ್ನು ಹಚ್ಚಬೇಕು, ಎಷ್ಟು ಹಚ್ಚಬೇಕು

ನವೆಂಬರ್ 14ರ ಮಕ್ಕಳ ದಿನಾಚರಣೆ ಬಂತೆಂದರೆ ಕಲಬುರಗಿಯ ಶಾಲೆಗಳಲ್ಲಿ ಜೋಕರ್‌ಗಳ ಕಾಲ ಶುರುವಾಗುತ್ತದೆ. ಪ್ರತಿಭಾ ಕಾರಂಜಿಯ ಛದ್ಮವೇಷ, ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಸಾಲುಸಾಲಾಗಿ ಬರುವ ವಾರ್ಷಿಕೋತ್ಸವಗಳು, ನಡುವೆ ಒಂದೆರಡು ಹುಟ್ಟುಹಬ್ಬ. ಕಿತ್ತೂರು ಚೆನ್ನಮ್ಮನದೋ ಅಕ್ಕಮಹಾದೇವಿಯದೋ ವೇಷವಾದರೆ ಮಗುವಿಗೆ ನಾಲ್ಕು ಮಾತು ಬಾಯಿಪಾಠ ಮಾಡಿಸಬೇಕು. ಜೋಕರ್‌ಗೆ ಆ ಗೊಡವೆಯಿಲ್ಲ. ಅಣ್ಣನ ಸಡಿಲ ಪ್ಯಾಂಟು, ಚುಕ್ಕೆಚುಕ್ಕೆಯ ಅಂಗಿ, ಕಾಗದದ ಟೋಪಿ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಮುಖದ ಬಣ್ಣ. ತಾಯಂದಿರು ಗೊಂದಲಕ್ಕೆ ಬೀಳುವುದು ಅಲ್ಲಿಯೇ.

ಫ್ಯಾನ್ಸಿ ಅಂಗಡಿಗೆ ಹೋಗಿ ಕೇಳಿದರೆ ಕ್ರೇಯಾನಿನಂತಹ ಬಣ್ಣದ ಕಡ್ಡಿ, ಬಿಲ್ಲೆಯಾಗಿ ಬರುವ ನೀರಿನ ಬಣ್ಣ, ಡಬ್ಬಿಯಲ್ಲಿ ಬರುವ ಎಣ್ಣೆ ಬಣ್ಣ ಎಲ್ಲವೂ ಒಟ್ಟಿಗೆ ಮೇಜಿನ ಮೇಲೆ ಬರುತ್ತವೆ. ಹೆಚ್ಚಿನವರು ಡಬ್ಬಿಯ ಮೇಲಿನ ಚಿತ್ರ ನೋಡಿ ಆರಿಸುತ್ತಾರೆ. ಶಾಲೆಯ ವೇದಿಕೆಯ ಹಿಂದೆ ನಿಂತು ಮಕ್ಕಳ ಮುಖಕ್ಕೆ ಬಣ್ಣ ಹಚ್ಚುತ್ತಾ ಬಂದವಳಾಗಿ ನಾನು ಹೇಳುವುದು ಇಷ್ಟು: ಮಗುವಿನ ವಯಸ್ಸೆಷ್ಟು, ಬಣ್ಣ ಮುಖದ ಮೇಲೆ ಎಷ್ಟು ಹೊತ್ತು ಇರಬೇಕು, ಆ ದಿನ ಬಿಸಿಲು ಹೇಗಿದೆ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ಬಣ್ಣ ಎಂಬುದು ತಾನಾಗಿಯೇ ತಿಳಿಯುತ್ತದೆ. ಫೋಟೊದಲ್ಲಿ ಹೇಗೆ ಕಾಣುತ್ತದೆ ಎಂಬುದು ಕೊನೆಯ ಪ್ರಶ್ನೆಯಾಗಬೇಕು. ಬಣ್ಣದ ಅಡಿಯಲ್ಲೂ ಮಗು ನಕ್ಕಿದ್ದು ಕಾಣಬೇಕು ಎಂಬುದು ನನ್ನ ಹಟ.

ಪೂರ್ತಿ ಬಿಳಿ ಮುಖವೋ, ಅಲ್ಲಲ್ಲಿ ಬಣ್ಣವೋ

ಜೋಕರ್ ಎಂದೊಡನೆ ಎಲ್ಲರ ಕಣ್ಣಿಗೆ ಕಟ್ಟುವುದು ಹಣೆಯಿಂದ ಗಲ್ಲದವರೆಗೆ ಬೆಳ್ಳಗಿರುವ ಮುಖ. ಅದಕ್ಕೆ ಇನ್ನೂರು ವರ್ಷಕ್ಕೂ ಹಳೆಯ ಚರಿತ್ರೆಯಿದೆ. ಲಂಡನ್ನಿನ ರಂಗಭೂಮಿಯಲ್ಲಿ ಹೆಸರು ಮಾಡಿದ ಜೋಸೆಫ್ ಗ್ರಿಮಾಲ್ಡಿ (1778–1837) ಮುಖಕ್ಕೆಲ್ಲ ಬಿಳಿ ಬಳಿದು ಕೆನ್ನೆಗಳ ಮೇಲೆ ಕೆಂಪು ತ್ರಿಕೋನ ಬರೆದುಕೊಂಡು ರಂಗಕ್ಕೆ ಬರುತ್ತಿದ್ದ. ಅವನ ಕಾಲದ ರಂಗಮಂದಿರಗಳಲ್ಲಿ ಬಹುಪಾಲು ಬೆಳಕು ಮೇಣದಬತ್ತಿ ಮತ್ತು ಎಣ್ಣೆ ದೀಪಗಳದ್ದು. ಅಂತಹ ಮಂದ ಬೆಳಕಿನಲ್ಲಿ ಹಿಂದಿನ ಸಾಲಿನವರಿಗೂ ಮುಖದ ಆಟ ಕಾಣಬೇಕಾದರೆ ದಪ್ಪ ಬಿಳಿಯೇ ಬೇಕಿತ್ತು. ನಮ್ಮ ಡಾ. ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಇಂದು ಹಾಗೆ ಕತ್ತಲಲ್ಲಿ ಯಾರೂ ಕುಣಿಯುವುದಿಲ್ಲ. ಪೆಂಡಾಲ್ ಹಾಕಿದ ಶಾಲೆಯ ಮೈದಾನದಲ್ಲೂ ಕಣ್ಣು ಕೋರೈಸುವಷ್ಟು ದೀಪಗಳಿರುತ್ತವೆ. ಹೀಗಿರುವಾಗ ಐದು ವರ್ಷದ ಕೂಸಿನ ಇಡೀ ಮುಖವನ್ನು ಬಿಳಿ ಮಾಡಬೇಕಾದ ಅಗತ್ಯವೇ ಇಲ್ಲ.

ಎರಡನೆಯ ಬಗೆ ಸರ್ಕಸ್ಸಿನ ‘ಆಗಸ್ಟ್’ ಜೋಕರ್. ಎಡವಿ ಬೀಳುವ, ಬಕೆಟ್ಟಿನೊಳಗೆ ಕಾಲಿಡುವ ಪೆದ್ದ ಇವನೇ. ಇವನ ಮುಖದಲ್ಲಿ ಮೈಬಣ್ಣವೇ ತಳ. ಕಣ್ಣಿನ ಸುತ್ತ ಮತ್ತು ಬಾಯಿಯ ಸುತ್ತ ಮಾತ್ರ ಬಿಳಿ, ಮೂಗಿಗೆ ಕೆಂಪು. ಮಕ್ಕಳಿಗೆ ಇದಕ್ಕಿಂತ ಒಪ್ಪುವ ಬಗೆ ಇನ್ನೊಂದಿಲ್ಲ. ಬಣ್ಣ ಕಡಿಮೆ, ಹೊತ್ತು ಕಡಿಮೆ, ಬೆವರು ಬಂದರೂ ಮುಖವೆಲ್ಲ ಕಲಸಿಹೋಗುವ ಭಯವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಮಗುವಿನ ಕೆನ್ನೆ, ಹಣೆ ಅದರದೇ ಆಗಿ ಉಳಿಯುತ್ತವೆ. ಸಭೆಯಲ್ಲಿ ಕುಳಿತ ಅಜ್ಜಿಗೆ ಮೊಮ್ಮಗನ ಗುರುತು ಹತ್ತುತ್ತದೆ.

ಮೂರನೆಯದು ಅಲೆಮಾರಿ ಜೋಕರ್: ಗಡ್ಡ ಬೆಳೆದಂತೆ ಕಪ್ಪು ಛಾಯೆ, ಕೆಳಗೆ ಬಾಗಿದ ಬಾಯಿ, ಹರಕು ಕೋಟು. ಅಮೆರಿಕದ ಸರ್ಕಸ್ಸುಗಳಲ್ಲಿ ಹೆಸರಾದ ಬಗೆ ಇದು. ನಮ್ಮ ತೀರ್ಪುಗಾರರು ಇದನ್ನು ಭಿಕ್ಷುಕನ ವೇಷ ಎಂದು ತಿಳಿಯುವ ಸಾಧ್ಯತೆಯೇ ಹೆಚ್ಚು. ಸ್ಪರ್ಧೆಗೆ ಬೇಡ.

ಪೂರ್ತಿ ಬಿಳಿಯ ಬಗ್ಗೆ ಇನ್ನೊಂದು ಆತಂಕವಿದೆ. 2008ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಆಸ್ಪತ್ರೆಯ ಮಕ್ಕಳ ವಾರ್ಡುಗಳ ಅಲಂಕಾರದ ಬಗ್ಗೆ 4ರಿಂದ 16 ವರ್ಷದ 250ಕ್ಕೂ ಹೆಚ್ಚು ಮಕ್ಕಳನ್ನು ಕೇಳಿದಾಗ, ಗೋಡೆಯ ಮೇಲಿನ ಜೋಕರ್ ಚಿತ್ರಗಳು ಅವರಿಗೆ ಹಿಡಿಸಲಿಲ್ಲ ಎಂದು ತಿಳಿಯಿತು. ದೊಡ್ಡವರು ಮಕ್ಕಳಿಗೆ ಇಷ್ಟವೆಂದು ಊಹಿಸಿದ್ದು ಮಕ್ಕಳಿಗೆ ಇಷ್ಟವಾಗಿರಲಿಲ್ಲ. ವೇದಿಕೆಯ ಹಿಂದೆ ಇದನ್ನು ಕಣ್ಣಾರೆ ಕಾಣಬಹುದು. ಬಿಳಿ ಹಚ್ಚಿ ಮುಗಿಸಿ ಕನ್ನಡಿ ಕೊಟ್ಟೊಡನೆ ಕೆಲವು ಮಕ್ಕಳ ತುಟಿ ನಡುಗುತ್ತದೆ. ಪಕ್ಕದಲ್ಲಿ ಕುಳಿತ ಪುಟ್ಟ ತಂಗಿ ಅಣ್ಣನನ್ನು ನೋಡಿ ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಅದಕ್ಕೇ ನಾನು ಕನ್ನಡಿಯನ್ನು ಮೊದಲಿನಿಂದಲೇ ಮಗುವಿನ ಕೈಗೆ ಕೊಡುತ್ತೇನೆ. ಒಂದೊಂದು ಚುಕ್ಕೆ ಬೀಳುವುದನ್ನೂ ತಾನೇ ನೋಡಿದ ಮಗು ಕೊನೆಗೆ ಕಂಡ ಮುಖಕ್ಕೆ ಬೆದರುವುದಿಲ್ಲ.

ವಯಸ್ಸಿನ ಲೆಕ್ಕ ಹೀಗಿರಲಿ. ಮೂರು ವರ್ಷದೊಳಗಿನ ಮಕ್ಕಳಿಗೆ ಬಣ್ಣವೇ ಬೇಡ. ಟೋಪಿ ಮತ್ತು ದೊಡ್ಡ ಬೋ ಸಾಕು. ಆ ವಯಸ್ಸಿನಲ್ಲಿ ಕೈ ಮೊದಲು ಮುಖಕ್ಕೆ, ಆಮೇಲೆ ಬಾಯಿಗೆ ಹೋಗುತ್ತದೆ. ಮೂರರಿಂದ ಐದರವರೆಗೆ ಮೂಗಿನ ತುದಿಗೆ ಕೆಂಪು, ಎರಡು ಕೆನ್ನೆಗೆ ಎರಡು ದುಂಡು, ಬೇಕಿದ್ದರೆ ಹಣೆಯ ಮೇಲೆ ಕಮಾನಿನಂತಹ ಎರಡು ಹುಬ್ಬು. ಆರು ದಾಟಿದ ಮೇಲೆ ಆಗಸ್ಟ್. ಹತ್ತು ವರ್ಷದ ಮಗು ತಾನಾಗಿಯೇ ಪೂರ್ತಿ ಬಿಳಿ ಬೇಕೆಂದು ಕೇಳಿ, ಅರ್ಧ ಗಂಟೆ ಅಲುಗಾಡದೆ ಕುಳಿತುಕೊಳ್ಳುವುದಾದರೆ ಹಚ್ಚಿ, ಸಂತೋಷ.

ಅಂದಹಾಗೆ, ಜಾಲತಾಣದಲ್ಲಿ ಸಿಕ್ಕ ಚಿತ್ರವನ್ನು ತಂದು ‘ಹೀಗೇ ಮಾಡಿ’ ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. ಸರ್ಕಸ್ ಜೋಕರ್‌ಗಳಲ್ಲಿ ಒಬ್ಬನ ಮುಖವನ್ನು ಇನ್ನೊಬ್ಬ ನಕಲು ಮಾಡಬಾರದೆಂಬ ಕಟ್ಟಳೆಯಿದೆ. ಸ್ಟ್ಯಾನ್ ಬಲ್ಟ್ ಎಂಬಾತ 1946ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬೊಬ್ಬ ಜೋಕರ್‌ನ ಮುಖವನ್ನೂ ಮೊಟ್ಟೆಯ ಚಿಪ್ಪಿನ ಮೇಲೆ ಬರೆದಿಡತೊಡಗಿದ. ಆ ಮೊಟ್ಟೆಗಳ ಸಂಗ್ರಹ ಇಂದಿಗೂ ಬೆಳೆಯುತ್ತಿದೆ. ಪ್ರತಿ ಜೋಕರ್‌ಗೂ ತನ್ನದೇ ಮುಖವಿರುವಾಗ ನಿಮ್ಮ ಮಗುವಿಗೆ ಬೇರೆಯವರ ಮುಖ ಏಕೆ?

ನೀರಿನ ಬಣ್ಣವೋ, ಎಣ್ಣೆಯ ಬಣ್ಣವೋ

ನಿಜವಾದ ಆಯ್ಕೆ ಇರುವುದು ಇಲ್ಲಿ. ಬಿಲ್ಲೆಯಾಗಿ ಬರುವ ನೀರಿನ ಬಣ್ಣವನ್ನು ಒದ್ದೆ ಸ್ಪಂಜಿನಿಂದ ಎತ್ತಿ ಹಚ್ಚುತ್ತೇವೆ. ಒಂದೆರಡು ನಿಮಿಷದಲ್ಲಿ ಒಣಗುತ್ತದೆ, ಸೋಪು ನೀರಿಗೆ ಹೋಗುತ್ತದೆ. ಎಣ್ಣೆ ಬಣ್ಣ ಮೇಣ ಮತ್ತು ಎಣ್ಣೆಯಲ್ಲಿ ಕಲಸಿದ್ದು. ತಾನಾಗಿ ಒಣಗುವುದೇ ಇಲ್ಲ, ಮೇಲೆ ಪೌಡರ್ ಒತ್ತಿ ಕೂರಿಸಬೇಕು, ತೆಗೆಯಲು ಎಣ್ಣೆಯೇ ಬೇಕು. ಅಂಗಡಿಯಲ್ಲಿ ಇವೆರಡನ್ನೂ ಗುರುತಿಸುವುದು ಸುಲಭವಲ್ಲ, ಏಕೆಂದರೆ ಒಂದೇ ಕಂಪನಿ ಎರಡನ್ನೂ ಮಾಡುತ್ತದೆ. ನಾಟಕದವರ ಪೆಟ್ಟಿಗೆಯಲ್ಲಿ ಕಾಣುವ ಕ್ರಯೋಲಾನ್ ಕಂಪನಿಯ ಅಕ್ವಾಕಲರ್ ನೀರಿನದು, ಸುಪ್ರಾಕಲರ್ ಎಣ್ಣೆಯದು. ಸ್ನಾಜರೂ ಎಂಬ ಹೆಸರಿನಲ್ಲಿ ಮಕ್ಕಳಿಗಾಗಿ ಬರುವ ಬಿಲ್ಲೆಗಳು ನೀರಿನವು. ಹೆಸರು ತಿಳಿಯದ ಡಬ್ಬಿಯಾದರೆ ಅಂಗಡಿಯಲ್ಲಿಯೇ ಮುಂಗೈ ಮೇಲೆ ಸ್ವಲ್ಪ ಹಚ್ಚಿ ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ಕರಗಿದರೆ ನೀರಿನದು, ಜಾರಿದರೆ ಎಣ್ಣೆಯದು.

ಬಣ್ಣದ ಹೊಳಪಿನಲ್ಲಿ ಎಣ್ಣೆಯದೇ ಮೇಲುಗೈ. ಕೆಂಪು ಕೆಂಪಾಗಿಯೇ ಕಾಣುತ್ತದೆ, ಬಿಳಿಯಲ್ಲಿ ಸ್ಪಂಜಿನ ಗೆರೆ ಉಳಿಯುವುದಿಲ್ಲ. ಪೌಡರ್ ಸರಿಯಾಗಿ ಕೂತರೆ ಬೆವರಿಗೆ ಅಲುಗುವುದಿಲ್ಲ. ದೊಡ್ಡವರ ನಾಟಕಕ್ಕೆ, ಮೂರು ಗಂಟೆಯ ಆಟಕ್ಕೆ ಅದೇ ಸರಿ. ಮಕ್ಕಳ ವಿಷಯದಲ್ಲಿ ಮಾತ್ರ ಅದರ ಒಂದೊಂದು ಗುಣವೂ ತೊಡಕಾಗುತ್ತದೆ. ಪೌಡರ್ ಹಾಕುವಾಗ ಮಗು ಉಸಿರೆಳೆದರೆ ಪುಡಿ ನೇರವಾಗಿ ಮೂಗಿನೊಳಗೆ ಹೋಗುತ್ತದೆ. ಉಬ್ಬಸವಿರುವ ಮಗುವಾದರೆ ಅದು ಸಣ್ಣ ಮಾತಲ್ಲ. ಪೌಡರ್ ಹಾಕದೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಬಣ್ಣ ತೋಳಿಗೆ, ಪಕ್ಕದವನ ಸಮವಸ್ತ್ರಕ್ಕೆ, ಕುರ್ಚಿಗೆ ಹತ್ತಿರುತ್ತದೆ. ತೆಗೆಯುವಾಗ ಎಣ್ಣೆ ಹಚ್ಚಿ ಒರೆಸಬೇಕು, ಆಮೇಲೆ ಸೋಪು ಹಾಕಬೇಕು. ರಾತ್ರಿ ಹತ್ತು ಗಂಟೆಗೆ ನಿದ್ದೆಗಣ್ಣಿನ ಮಗು ಅದಕ್ಕೆ ಸಹಕರಿಸುವುದಿಲ್ಲ.

ನಮ್ಮ ಊರಿನ ಹವೆಯನ್ನೂ ಇಲ್ಲಿ ಸೇರಿಸಿ ನೋಡಬೇಕು. ಡಿಸೆಂಬರ್, ಜನವರಿಯಲ್ಲಿ ಕಲಬುರಗಿಯ ಗಾಳಿ ಒಣಗಿರುತ್ತದೆ, ಬೀದರಿನಲ್ಲಿ ಚಳಿ ಇನ್ನೂ ಜೋರು. ಮಕ್ಕಳ ಕೆನ್ನೆ ಒಡೆದಿರುತ್ತದೆ. ಒಡೆದ ಕೆನ್ನೆಯ ಮೇಲೆ ನೀರಿನ ಬಣ್ಣ ದಪ್ಪಗೆ ಬಿದ್ದರೆ ಎರಡು ತೊಂದರೆ: ಚುರುಚುರು ಎಂದು ಉರಿಯುತ್ತದೆ, ಒಣಗಿದ ಮೇಲೆ ನಗುವಾಗ ಬಿರುಕು ಬಿಡುತ್ತದೆ. ಅದಕ್ಕೆ ಪರಿಹಾರ ಹಿಂದಿನ ರಾತ್ರಿಯೇ ಶುರುವಾಗಬೇಕು. ಮಲಗುವ ಮುನ್ನ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಕೆನ್ನೆಗೆ ಹಚ್ಚಿ, ಬೆಳಗ್ಗೆ ಮುಖ ತೊಳೆಸಿ. ಬಣ್ಣ ಹಚ್ಚುವ ಹೊತ್ತಿಗೆ ಸರಿಯಾಗಿ ಎಣ್ಣೆ ಸವರಬೇಡಿ, ನೀರಿನ ಬಣ್ಣ ಹಿಡಿಯುವುದೇ ಇಲ್ಲ. ಕೆನ್ನೆ ಬಿರಿದು ರಕ್ತ ಒಸರುವಷ್ಟಾಗಿದ್ದರೆ ಆ ಜಾಗವನ್ನು ಬಿಟ್ಟುಬಿಡಿ. ಕೆಂಪು ದುಂಡು ಗದ್ದದ ಮೇಲೆ ಬಂದರೂ ಜೋಕರ್ ಜೋಕರೇ.

ಹೋಳಿ ಮುಗಿದು ಶರಣಬಸವೇಶ್ವರರ ಜಾತ್ರೆ ಬರುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಏಪ್ರಿಲ್, ಮೇಗೆ 40 ಡಿಗ್ರಿ ದಾಟುವುದು ಇಲ್ಲಿ ವಿಶೇಷವಲ್ಲ. ಬೇಸಿಗೆ ಶಿಬಿರದಲ್ಲಿ, ಹುಟ್ಟುಹಬ್ಬದಲ್ಲಿ ನೀರಿನ ಬಣ್ಣ ಹಣೆಯಿಂದ ಇಳಿದು ಕಣ್ಣಿಗೆ ಬರುತ್ತದೆ ಎಂಬ ದೂರು ಕೇಳುತ್ತೇನೆ. ನಿಜ, ಬರುತ್ತದೆ. ಹಾಗೆಂದು ಎಣ್ಣೆ ಬಣ್ಣಕ್ಕೆ ಹೋಗುವುದು ತಕ್ಕ ಉತ್ತರವಲ್ಲ. ಮುಖವೆಲ್ಲ ಎಣ್ಣೆಯಿಂದ ಮುಚ್ಚಿದ ಮಗುವಿಗೆ ಆ ಸೆಕೆಯಲ್ಲಿ ಬೆವರುಸಾಲೆಯ ಕಾಟ ಹೆಚ್ಚುತ್ತದೆ. ಬೇಸಿಗೆಯಲ್ಲಿ ಹಣೆಯನ್ನು ಖಾಲಿ ಬಿಡಿ, ಮೂಗು ಮತ್ತು ಕೆನ್ನೆಗೆ ಮಾತ್ರ ಹಚ್ಚಿ. ಬೆವರು ಮೊದಲು ಹನಿಯುವುದು ಹಣೆಯಲ್ಲಿ. ಅಲ್ಲಿ ಬಣ್ಣವಿಲ್ಲದಿದ್ದರೆ ಕಣ್ಣಿಗೆ ಇಳಿಯುವುದೂ ಇಲ್ಲ.

ಹೊತ್ತಿನ ವಿಷಯ ಬಹಳ ಮುಖ್ಯ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಾರ್ಷಿಕೋತ್ಸವದ ಆಮಂತ್ರಣದಲ್ಲಿ ಸಂಜೆ ಐದು ಎಂದಿರುತ್ತದೆ. ಮಧ್ಯಾಹ್ನ ಮೂರಕ್ಕೇ ಮಕ್ಕಳನ್ನು ಕರೆಸಿ ಬಣ್ಣ ಹಚ್ಚಿಸುತ್ತಾರೆ. ಮುಖ್ಯ ಅತಿಥಿಗಳು ಆರೂವರೆಗೆ ಬರುತ್ತಾರೆ, ದೀಪ ಬೆಳಗಿ, ಸನ್ಮಾನ ಮುಗಿದು, ಭಾಷಣಗಳಾಗಿ, ಒಂದನೇ ತರಗತಿಯ ಜೋಕರ್ ನೃತ್ಯ ಬರುವಷ್ಟರಲ್ಲಿ ಎಂಟೂವರೆ. ಐದೂವರೆ ತಾಸು ಯಾವ ಬಣ್ಣವೂ ಮಗುವಿನ ಮುಖದ ಮೇಲೆ ಚೆನ್ನಾಗಿ ಉಳಿಯುವುದಿಲ್ಲ. ಅಷ್ಟು ಹೊತ್ತು ಮಗು ಮುಖ ಕೆರೆದುಕೊಳ್ಳದೆ, ನೀರು ಕುಡಿಯದೆ, ಚುರುಮುರಿ ತಿನ್ನದೆ ಇರಬೇಕೆನ್ನುವುದೂ ಅನ್ಯಾಯ. ಕಾರ್ಯಕ್ರಮ ಪಟ್ಟಿಯಲ್ಲಿ ನಿಮ್ಮ ಮಗುವಿನದು ಎಷ್ಟನೆಯದೆಂದು ಶಿಕ್ಷಕಿಯನ್ನು ಕೇಳಿ, ಅದಕ್ಕೆ ಎರಡು ಕಾರ್ಯಕ್ರಮ ಮುಂಚೆ ಹಚ್ಚಿ. ಹಾಗೆ ಮಾಡಲು ಸಾಧ್ಯವಾಗುವುದು ಬೇಗ ಒಣಗುವ ನೀರಿನ ಬಣ್ಣದಿಂದ ಮಾತ್ರ. ಆಗಸ್ಟ್ ಮುಖಕ್ಕೆ ಹತ್ತು ನಿಮಿಷ ಸಾಕು.

ಇಷ್ಟೆಲ್ಲ ತೂಗಿದ ಮೇಲೆ ಹೇಳುತ್ತೇನೆ, ಮಕ್ಕಳಿಗೆ ನೀರಿನ ಬಣ್ಣ. ಎಣ್ಣೆ ಬಣ್ಣಕ್ಕೆ ಒಂದೇ ಒಂದು ಸಂದರ್ಭ ಬಿಡುತ್ತೇನೆ: ಹನ್ನೆರಡು ದಾಟಿದ ಮಕ್ಕಳು ಗಂಟೆಗಟ್ಟಲೆ ರಂಗದ ಮೇಲಿರುವ ನಾಟಕ, ಜೊತೆಗೆ ಹಚ್ಚುವುದು ತೆಗೆಯುವುದು ಎರಡನ್ನೂ ಬಲ್ಲ ಪ್ರಸಾಧನದವರು.

ಉಳಿದ ಆಯ್ಕೆಗಳು

ಪ್ಯಾನ್‌ಕೇಕ್ ಹವ್ಯಾಸಿ ನಾಟಕ ತಂಡಗಳಿಗೆಲ್ಲ ಪರಿಚಿತ. ಒದ್ದೆ ಸ್ಪಂಜಿನಿಂದ ಹಚ್ಚುವ ಮೈಬಣ್ಣದ ತಳ ಅದು. ಆಗಸ್ಟ್ ಜೋಕರ್‌ಗೆ ತಳವಾಗಿ ಬಳಸಬಹುದು, ಆದರೆ ಚಳಿಗಾಲದಲ್ಲಿ ಚರ್ಮವನ್ನು ಬಿಗಿಯುತ್ತದೆ. ಇನ್ನೊಂದು ಕೆಟ್ಟ ಚಾಳಿಯೆಂದರೆ ಮಗುವಿನ ಬಣ್ಣಕ್ಕಿಂತ ನಾಲ್ಕು ಪಟ್ಟು ಬಿಳುಪಾದ ಪ್ಯಾನ್‌ಕೇಕ್ ಹಚ್ಚುವುದು. ಮಗುವಿನ ಮೈಬಣ್ಣ ಯಾವುದಿದೆಯೋ ಅದೇ ಜೋಕರ್‌ನ ಮೈಬಣ್ಣ. ತಳವಿಲ್ಲದಿದ್ದರೂ ಏನೂ ಕೊರತೆಯಿಲ್ಲ.

ಬಣ್ಣದ ಕಡ್ಡಿಗಳು ಅಗ್ಗ, ಕೈಗೆ ಸುಲಭ. ಚಳಿಯಲ್ಲಿ ಮೇಣ ಗಟ್ಟಿಯಾಗಿ ಎಳೆದಲ್ಲೆಲ್ಲ ಚರ್ಮವೂ ಎಳೆದಂತಾಗುತ್ತದೆ, ಮಗು ‘ಸಾಕು ಸಾಕು’ ಎನ್ನುತ್ತದೆ. ಮೊದಲು ನಿಮ್ಮ ಅಂಗೈಯಲ್ಲಿ ತುದಿಯನ್ನು ಉಜ್ಜಿ ಮೆತ್ತಗೆ ಮಾಡಿಕೊಂಡರೆ ಮೂಗಿಗೂ ಕೆನ್ನೆಗೂ ಸಾಕಾಗುತ್ತದೆ.

ಮನೆಯಲ್ಲೇ ಕಾರ್ನ್‌ಫ್ಲೋರ್, ಕೋಲ್ಡ್ ಕ್ರೀಮ್ ಕಲಸಿ ಅಡುಗೆಯ ಬಣ್ಣ ಸೇರಿಸುವುದು ಅನೇಕರು ಮಾಡುವ ಉಪಾಯ. ಬಿಳಿಗೆ ಇದು ಒಳ್ಳೆಯದೇ. ಕೆಂಪಿಗೆ ಬೇಡ, ಅಡುಗೆಯ ಕೆಂಪು ಬಣ್ಣ ಚರ್ಮಕ್ಕೆ ಅಂಟಿ ಮರುದಿನವೂ ಕೆನ್ನೆಯ ಮೇಲೆ ಉಳಿದುಬಿಡುತ್ತದೆ. ಕೆಂಪಿಗೆ ತಾಯಿಯ ಒಳ್ಳೆಯ ಲಿಪ್‌ಸ್ಟಿಕ್ಕೇ ವಾಸಿ.

ಮುಖದ ಹತ್ತಿರಕ್ಕೂ ತರಬಾರದವು

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಡ್ರಾಯಿಂಗ್ ಪೆಟ್ಟಿಗೆಯ ಪೋಸ್ಟರ್ ಕಲರ್, ಅಕ್ರಿಲಿಕ್, ಬಟ್ಟೆಗೆ ಹಚ್ಚುವ ಬಣ್ಣ, ಸ್ಕೆಚ್ ಪೆನ್ನು ಇವು ಯಾವುವೂ ಚರ್ಮಕ್ಕಾಗಿ ಮಾಡಿದ್ದಲ್ಲ. ಡಬ್ಬಿಯ ಮೇಲೆ ವಿಷರಹಿತ ಎಂದು ಬರೆದಿರುವುದು ಕಾಗದದ ಮೇಲೆ ಚಿತ್ರ ಬರೆಯುವ ಮಗುವಿನ ದೃಷ್ಟಿಯಿಂದ. ಗಂಟೆಗಟ್ಟಲೆ ಮುಖಕ್ಕೆ ಹಚ್ಚಿಕೊಳ್ಳಬಹುದೆಂದು ಅದರ ಅರ್ಥವಲ್ಲ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ ಪದರವಾಗುತ್ತದೆ, ಕೀಳುವಾಗ ಹುಬ್ಬಿನ ಕೂದಲೂ ಬರುತ್ತದೆ. ಹೋಳಿಯಲ್ಲಿ ಉಳಿದ ಗುಲಾಲು, ರಂಗೋಲಿ ಪುಡಿ ಎರಡೂ ಬೇಡ. ಕರಕುಶಲ ಕೆಲಸದ ಮಿಂಚುಪುಡಿಯ ಒಂದು ಚೂರು ಕಣ್ಣಿಗೆ ಬಿದ್ದರೂ ಕಣ್ಣುಗುಡ್ಡೆ ಗೀರಬಹುದು.

ಹಳೆಯ ಬಯಲಾಟದ ಬಣ್ಣಗಳ ಬಗ್ಗೆ ನನಗೆ ಗೌರವವಿದೆ. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದ, ಕಪ್ಪಿಗೆ ಕಾಡಿಗೆ ಇವುಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಅರೆದು ಹಿರಿಯರು ರಾಜ, ರಕ್ಕಸ, ಸಾರಥಿಯರನ್ನು ನಿಲ್ಲಿಸಿದ್ದಾರೆ. ಆದರೆ ಅರದಾಳ ಎಂದರೆ ಆರ್ಸೆನಿಕ್ ಇರುವ ಖನಿಜ, ಇಂಗಳೀಕದಲ್ಲಿರುವುದು ಪಾದರಸ, ಹಳೆಯ ಸಫೇದದಲ್ಲಿ ಸೀಸವೂ ಇರುತ್ತಿತ್ತು. ಮನೆಯ ಅಟ್ಟದ ಮೇಲೆ ಅಜ್ಜನ ಬಣ್ಣದ ಪೆಟ್ಟಿಗೆ ಇದ್ದರೆ ಅದನ್ನು ನೆನಪಿಗೆ ಇಟ್ಟುಕೊಳ್ಳಿ, ಮೊಮ್ಮಗನ ಮುಖಕ್ಕೆ ಬೇಡ. ಕಣ್ಣಿಗೆ ಹಚ್ಚುವ ಸುರ್ಮಾ, ಸಿಂಧೂರಕ್ಕೂ ಇದೇ ಮಾತು. ಸಾಂಪ್ರದಾಯಿಕ ಸುರ್ಮಾ ಸೀಸದ ಖನಿಜದ ಪುಡಿ, ಸಿಂಧೂರದಲ್ಲಿಯೂ ಸೀಸದ ಸಂಯುಕ್ತ ಇರಬಹುದು. ಸೀಸದ ವಿಷಯದಲ್ಲಿ ಮಕ್ಕಳಿಗೆ ಇಷ್ಟರವರೆಗೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹೊಸ ಡಬ್ಬಿಗಳೆಲ್ಲ ನಿರಪಾಯ ಎಂದೂ ತಿಳಿಯಬೇಡಿ. 2009ರಲ್ಲಿ ಅಮೆರಿಕದ ಬಳಕೆದಾರರ ಸಂಘಟನೆಯೊಂದು ಮಕ್ಕಳ ಮುಖಕ್ಕೆ ಹಚ್ಚುವ 10 ಬಣ್ಣಗಳನ್ನು ಪರೀಕ್ಷೆಗೆ ಕಳಿಸಿದಾಗ ಹತ್ತರಲ್ಲಿಯೂ ಸ್ವಲ್ಪ ಸ್ವಲ್ಪ ಸೀಸ ಸಿಕ್ಕಿತು. ನಮ್ಮ ದೇಶದ ನಿಯಮದ ಪ್ರಕಾರ ಸೌಂದರ್ಯವರ್ಧಕದಲ್ಲಿ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 20 ಭಾಗವನ್ನು, ಆರ್ಸೆನಿಕ್ 2 ಭಾಗವನ್ನು ಮೀರಬಾರದು. ನಾವು ಅಂಗಡಿಯಲ್ಲಿ ನಿಂತು ಅದನ್ನು ಅಳೆಯಲಾರೆವು. ತಯಾರಕರ ಹೆಸರು ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇವೆಯೇ ಎಂದು ನೋಡಬಲ್ಲೆವು. ಜಾತ್ರೆಯ ಅಂಗಡಿಯಲ್ಲಿ ಚೀಟಿಯೇ ಇಲ್ಲದೆ ಸಿಗುವ ಬಣ್ಣದ ಪೊಟ್ಟಣ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.

ಕೊಂಡ ಬಣ್ಣವನ್ನು ಕಾರ್ಯಕ್ರಮಕ್ಕೆ ಎರಡು ದಿನ ಮುಂಚೆ ಮಗುವಿನ ಮೊಣಕೈಯ ಒಳಬದಿಗೆ ಕಾಸಿನಗಲ ಹಚ್ಚಿ ನೋಡಬೇಕು, ಕೆಂಪು ಮತ್ತು ಕಪ್ಪು ಎರಡನ್ನೂ ಬೇರೆ ಬೇರೆಯಾಗಿ. ತುರಿಕೆ, ಗುಳ್ಳೆ ಕಂಡರೆ ಆ ಡಬ್ಬಿ ಬೇಡ.

ಯಾರ ಕೈಯಿಂದ

ಮನೆಯಲ್ಲಿ ತಾಯಿ ಹಚ್ಚುವುದು, ಬ್ಯೂಟಿ ಪಾರ್ಲರಿಗೆ ಕರೆದೊಯ್ಯುವುದು, ಶಾಲೆಯವರು ಕರೆಸಿದ ನಾಟಕದ ಮೇಕಪ್ಪಿನವರಿಗೆ ಒಪ್ಪಿಸುವುದು, ಈ ಮೂರರಲ್ಲಿ ಮೊದಲನೆಯದಕ್ಕೇ ನನ್ನ ಓಟು. ಪಾರ್ಲರಿನವರ ಕೈ ಮದುಮಗಳ ಮುಖಕ್ಕೆ ಪಳಗಿದ್ದು. ಫೌಂಡೇಶನ್, ಕಣ್ಣಿನ ಬಣ್ಣ ಎಂದು ಪದರ ಹೆಚ್ಚುತ್ತಾ ಹೋಗುತ್ತದೆ. ನಾಟಕದವರ ಕೈ ಚುರುಕು, ಗೆರೆ ಖಚಿತ. ಆದರೆ ಒಂದು ಶಾಲೆಯ ಎಂಬತ್ತು ಮಕ್ಕಳಿಗೆ ಇಬ್ಬರು ಕುಳಿತಾಗ ಒಂದೇ ಸ್ಪಂಜು, ಒಂದೇ ಬಟ್ಟಲು ನೀರು ಸಾಲಿನುದ್ದಕ್ಕೂ ಓಡಾಡುತ್ತದೆ. ಒಬ್ಬನಿಗೆ ಕಣ್ಣು ಬಂದಿದ್ದರೆ, ಬಾಯಿಯ ಬದಿಯಲ್ಲಿ ಹುಣ್ಣಿದ್ದರೆ ಅದು ಎಲ್ಲರಿಗೂ ತಲುಪುವ ದಾರಿ ಅದೇ. ಅವರ ಕೌಶಲವೂ ಬೇಕು, ಸೋಂಕೂ ಬೇಡ ಎನ್ನುವವರು ಸ್ಪಂಜನ್ನೂ ತೆಳು ಬ್ರಶ್ಶನ್ನೂ ಮನೆಯಿಂದ ಕೊಂಡೊಯ್ದು, ‘ಅಣ್ಣಾ, ಇದರಿಂದಲೇ ಹಚ್ಚಿ’ ಎಂದು ಕೊಡಿ. ಯಾರೂ ಬೇಸರಿಸುವುದಿಲ್ಲ. ಒಂದು ಸ್ಪಂಜನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಮಕ್ಕಳಿಗಾಯಿತು.

ಹಚ್ಚುವ ಬಗೆ

ಸ್ಪಂಜನ್ನು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ. ತೊಟ್ಟಿಕ್ಕುವ ಸ್ಪಂಜಿನಿಂದ ಗೆರೆಗೆರೆಯಾಗುತ್ತದೆ. ಬಿಲ್ಲೆಯ ಮೇಲೆ ಎರಡು ಸುತ್ತು ತಿರುಗಿಸಿ, ಮುಖದ ಮೇಲೆ ಒತ್ತುತ್ತಾ ಹೋಗಿ, ಎಳೆಯಬೇಡಿ. ತೆಳುವಾದ ಎರಡು ಪದರ ಒಂದು ದಪ್ಪ ಪದರಕ್ಕಿಂತ ಬೆಳ್ಳಗೂ ಕಾಣುತ್ತದೆ, ಬಿರುಕೂ ಬಿಡುವುದಿಲ್ಲ. ಮೊದಲು ಬಿಳಿ, ಅದು ಪೂರ್ತಿ ಒಣಗಿದ ಮೇಲೆ ಕೆಂಪು, ಕಪ್ಪು ಕೊನೆಗೆ. ಹಸಿ ಬಿಳಿಯ ಮೇಲೆ ಕೆಂಪು ಇಟ್ಟರೆ ಗುಲಾಬಿಯಾಗಿ ಹರಡುತ್ತದೆ.

ಬಾಯಿ ಬರೆಯುವುದರಲ್ಲಿಯೇ ಜೋಕರ್‌ನ ಪ್ರಾಣವಿದೆ. ಕಿವಿಯಿಂದ ಕಿವಿಗೆ ಕೆಂಪು ಎಳೆದರೆ ಮಗು ಸುಮ್ಮನೆ ಕುಳಿತಾಗಲೂ ಭಯಂಕರವಾಗಿ ಕಾಣುತ್ತದೆ. ನಾನು ಹೀಗೆ ಮಾಡುತ್ತೇನೆ: ಮಗುವನ್ನು ನಗಿಸುತ್ತೇನೆ. ನಕ್ಕಾಗ ಬಾಯಿಯ ಎರಡೂ ತುದಿಯ ಆಚೆ ಕೆನ್ನೆ ಮಡಚುವ ಜಾಗವೊಂದು ಕಾಣುತ್ತದೆ. ಅಲ್ಲಿ ಬ್ರಶ್ಶಿನ ತುದಿಯಿಂದ ಒಂದೊಂದು ಚುಕ್ಕೆ. ಆಮೇಲೆ ಮುಖ ಸಡಿಲ ಬಿಡಲು ಹೇಳಿ, ಆ ಚುಕ್ಕೆಗಳನ್ನು ಮುಟ್ಟುವಂತೆ ಬಾಯಿಯ ಸುತ್ತ ಬಿಳಿ. ಮೇಲ್ದುಟಿಗೆ ಕೆಂಪು ಹಚ್ಚುವುದೇ ಇಲ್ಲ, ಕೆಳದುಟಿಗೆ ಮಾತ್ರ, ಅದೂ ಅಂಚಿಗೆ. ಸರ್ಕಸ್ಸಿನವರೂ ಹಾಗೆಯೇ ಮಾಡುತ್ತಾರೆ: ಎರಡೂ ತುಟಿ ಕೆಂಪಾದರೆ ದೂರಕ್ಕೆ ಬಾಯಿ ಒಂದು ಕೆಂಪು ಮುದ್ದೆಯಾಗಿ ಕಾಣುತ್ತದೆ, ಕೆಳಗಿನದು ಮಾತ್ರ ಕೆಂಪಾದರೆ ಮಾತಿನ ಚಲನೆ ತಿಳಿಯುತ್ತದೆ. ಮಗು ನೆಕ್ಕಿ ನುಂಗುವ ಬಣ್ಣವೂ ಅರ್ಧವಾಗುತ್ತದೆ. ಮುಗಿದ ಮೇಲೆ ಮತ್ತೆ ನಗಿಸಿ ನೋಡಿ. ಬರೆದ ನಗು ಮಗುವಿನ ನಗುವಿನ ಜೊತೆಯಲ್ಲೇ ಅರಳಿದರೆ ಸರಿಯಾಗಿದೆ.

ಕಣ್ಣಿನ ವಿಷಯದಲ್ಲಿ ರೆಪ್ಪೆಯ ಅಂಚಿಗೆ ಬಣ್ಣ ತಾಗಿಸಬೇಡಿ. ಹುಬ್ಬಿನ ಕೆಳಗಿನ ಎಲುಬು ಬೆರಳಿಗೆ ಸಿಗುತ್ತದೆ. ಬಿಳಿ ಅದರ ಮೇಲ್ಭಾಗದಲ್ಲಿಯೇ ಇರಲಿ, ಕಮಾನಿನಂತೆ ಹಣೆಗೆ ಏರಲಿ. ಕಣ್ಣಿನ ಕೆಳಗಿನ ಕಪ್ಪು ಗೆರೆ ಕೆನ್ನೆಯ ಎಲುಬಿನ ಮೇಲೆ ಬಂದರೂ ನೋಡುವವರಿಗೆ ಕಣ್ಣಿಗೇ ಬರೆದಂತೆ ಕಾಣುತ್ತದೆ. ಕಣ್ಣು ಕುಕ್ಕುವ ಫ್ಲೋರೊಸೆಂಟ್ ಬಣ್ಣ, ಕತ್ತಲಲ್ಲಿ ಹೊಳೆಯುವ ಬಣ್ಣ ಎರಡೂ ಕಣ್ಣಿನ ಸುತ್ತ ಬೇಡವೇ ಬೇಡ.

ಮೂಗಿಗೆ ಸ್ಪಂಜಿನ ಕೆಂಪು ಚೆಂಡು ಚೆನ್ನವೋ, ಬಣ್ಣ ಚೆನ್ನವೋ? ಕುಣಿಯುವ ಮಗುವಿಗೆ ಬಣ್ಣವೇ ಒಳ್ಳೆಯದು. ಚೆಂಡು ಮೂಗು ಮುಚ್ಚುತ್ತದೆ, ನೆಗಡಿಯಿದ್ದರೆ ಉಸಿರು ಕಟ್ಟುತ್ತದೆ, ನೃತ್ಯದ ನಡುವೆ ಉದುರಿ ವೇದಿಕೆಯ ಮೇಲೆ ಉರುಳಿದರೆ ಮಗು ಹೆಜ್ಜೆ ಮರೆತು ಅದರ ಹಿಂದೆ ಓಡುತ್ತದೆ. ನಿಂತು ಎರಡು ಮಾತಾಡಿ ಬರುವ ಛದ್ಮವೇಷಕ್ಕಾದರೆ ಚೆಂಡು ಇರಲಿ.

ತೆಗೆಯುವುದು

ಮನೆಗೆ ಬಂದೊಡನೆ ತೆಗೆಯಿರಿ, ಮಲಗಿದ ಮಗುವನ್ನು ಎಬ್ಬಿಸಿಯಾದರೂ. ನೀರಿನ ಬಣ್ಣಕ್ಕೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಹತ್ತಿ ಬಟ್ಟೆಯನ್ನು ಮುಖದ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು, ಆಮೇಲೆ ಮಗುವಿನ ಸೋಪು. ಕಡಲೆಹಿಟ್ಟಿನಿಂದ ತಿಕ್ಕುವುದು ಬೇಡ, ಅದು ಒಡೆದ ಚರ್ಮಕ್ಕೆ ಉರಿ. ಕೆಂಪು ಹೋಗದೆ ಉಳಿದರೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒಂದು ನಿಮಿಷ ಬಿಟ್ಟು ಒರೆಸಿ. ಎಣ್ಣೆ ಬಣ್ಣ ಹಚ್ಚಿದ್ದರೆ ಮೊದಲೇ ಎಣ್ಣೆ. ನೀರು ಹಾಕಿದರೆ ಬಣ್ಣ ಇನ್ನಷ್ಟು ಹರಡುತ್ತದೆ. ಒರೆಸುವಾಗ ಕಣ್ಣಿನಿಂದ ಹೊರಕ್ಕೆ, ಮೂಗಿನಿಂದ ಕಿವಿಯ ಕಡೆಗೆ ಕೈ ಸಾಗಲಿ.

ಬೆಳಗ್ಗೆ ಕೆನ್ನೆ ಕೆಂಪಗಿದ್ದರೆ, ತುರಿಕೆ ಇದ್ದರೆ ಅಂದು ಏನನ್ನೂ ಹಚ್ಚಬೇಡಿ, ತಣ್ಣೀರಿನ ಬಟ್ಟೆ ಸಾಕು. ಊತ ಬಂದರೆ ಅಥವಾ ಕಣ್ಣು ಕೆಂಪಾದರೆ ಡಬ್ಬಿಯನ್ನೂ ತೆಗೆದುಕೊಂಡು ವೈದ್ಯರ ಬಳಿಗೆ ಹೋಗಿ. ಅದರೊಳಗೆ ಏನಿದೆಯೆಂದು ಅವರಿಗೆ ಗೊತ್ತಾಗಬೇಕು. ತಾಲ್ಲೂಕು ಮಟ್ಟದಲ್ಲಿ ಗೆದ್ದು ಎರಡು ದಿನದಲ್ಲಿ ಜಿಲ್ಲೆಗೆ ಹೋಗಬೇಕಾದ ಮಗುವಾದರೂ ಆ ಬಣ್ಣವನ್ನು ಮತ್ತೆ ಹಚ್ಚಬೇಡಿ. ಟೋಪಿ, ಸಡಿಲ ಅಂಗಿ, ಮೂಗಿನ ಚೆಂಡು ಹಾಕಿ ಕಳಿಸಿ.